ತುಂಬಿದ ಕೆರೆ, ಹಸಿದ ಹಕ್ಕಿ

ಯುಗಾದಿಯ ಹಿಂದುಮುಂದಿನ ದಿನಗಳಲ್ಲಿ ನಾನು ತಪ್ಪದೆ ಹೋಗುವ ಸ್ಥಳಗಳಲ್ಲಿ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯ ಕೆರೆಯೂ ಒಂದು. ಬೆಂಗಳೂರಿನ ಪೂರ್ವದಂಚಿನಲ್ಲಿರುವ ನನ್ನ ಮನೆಯಿಂದ ಅದು ದೂರವೇನಲ್ಲ. ಕೊರಳಲ್ಲಿ ಹಳೆಯ ದುರ್ಬೀನು, ಕಿಸೆಯಲ್ಲಿ ಟಿಪ್ಪಣಿ ಪುಸ್ತಕ, ಫ್ಲಾಸ್ಕಿನಲ್ಲಿ ಕಾಫಿ. ನಿವೃತ್ತನಾದವನಿಗೆ ಇದಕ್ಕಿಂತ ಅಗ್ಗದ ಹವ್ಯಾಸ ಇನ್ನೊಂದಿಲ್ಲವೆಂದು ಮನೆಯವರು ಸಮಾಧಾನ ಪಟ್ಟುಕೊಂಡಿದ್ದಾರೆ.

ಕೆಲವು ವರ್ಷಗಳ ಹಿಂದೆ, ಮಳೆ ಸಾಧಾರಣವಾಗಿದ್ದ ಒಂದು ವರ್ಷದ ಮಾರ್ಚ್ ಕೊನೆಯಲ್ಲಿ, ಅಲ್ಲಿ ಕಂಡ ದೃಶ್ಯವನ್ನು ಮೊದಲು ಹೇಳಿಬಿಡುತ್ತೇನೆ. ನೀರು ಏರಿಯ ಕಡೆಗೆ ಸರಿದುಹೋಗಿತ್ತು. ಅದು ಬಿಟ್ಟುಕೊಟ್ಟ ಅಂಗಳದಲ್ಲಿ ಇನ್ನೂ ಪಸೆಯಾರದ ಕಪ್ಪು ಕೆಸರು, ಅಲ್ಲಲ್ಲಿ ಅಂಗೈಯಗಲದ ನೀರಿನ ಮಡು, ಅದರಾಚೆ ಆಗತಾನೆ ಚಿಗುರಿದ ಹಸಿರು ಗರಿಕೆ. ಗರಿಕೆಯ ಮೇಲೆ ಹಳದಿ ಸಿಪಿಲೆಗಳು ಬಾಲ ಕುಣಿಸುತ್ತ ಓಡಾಡುತ್ತಿದ್ದವು. ಡಿಸೆಂಬರಿನಲ್ಲಿ ಮಾಸಲು ಬಣ್ಣದಲ್ಲಿದ್ದ ಈ ಹಕ್ಕಿಗಳ ಗಂಡುಗಳು ಹೊರಡುವ ಹೊತ್ತಿಗೆ ಅರಿಸಿನ ಬಳಿದುಕೊಂಡಂತೆ ಆಗಿಬಿಡುತ್ತವೆ. ಮಡುವಿನಂಚಿನಲ್ಲಿ ಅಡವಿ ಗದ್ದೆಗೊರವಗಳು. ಅವಕ್ಕಿಂತ ಚಿಕ್ಕದಾಗಿ, ಗುಬ್ಬಿಯ ಗಾತ್ರದಲ್ಲಿ, ಹೊಲಿಗೆ ಯಂತ್ರದ ಸೂಜಿಯಂತೆ ಕೆಸರನ್ನು ಕುಕ್ಕುತ್ತಿದ್ದವು ಲಿಟ್ಲ್ ಸ್ಟಿಂಟ್‌ಗಳು. ಆಗಾಗ ಜವುಗು ಸೆಳೆವವೊಂದು ಜೊಂಡಿನ ಮೇಲೆ ತಗ್ಗಿ ಹಾರಿದಾಗ ಎಲ್ಲವೂ ಒಮ್ಮೆಲೇ ಎದ್ದು, ಒಂದು ಸುತ್ತು ಹೊಡೆದು, ಮತ್ತೆ ಅದೇ ಕೆಸರಿಗೆ ಇಳಿಯುತ್ತಿದ್ದವು.

ಲಿಟ್ಲ್ ಸ್ಟಿಂಟ್ ಎಂಬ ಈ ಜೀವಿಯ ತೂಕ ಇಪ್ಪತ್ತೈದು ಗ್ರಾಮಿನ ಆಸುಪಾಸು. ಮರಿ ಮಾಡುವುದು ಯುರೋಪು ಮತ್ತು ಸೈಬೀರಿಯಾಗಳ ಉತ್ತರ ತುದಿಯಲ್ಲಿ, ಧ್ರುವ ವೃತ್ತದಾಚೆ. ಅಲ್ಲಿ ಹಿಮ ಕರಗಿ ಸೊಳ್ಳೆ ನೊಣಗಳು ಏಳುವ ಅವಧಿ ಕೆಲವೇ ವಾರಗಳದ್ದು. ಆ ಗಡುವಿಗೆ ತಲುಪದಿದ್ದರೆ ಆ ವರ್ಷ ಮರಿಯಿಲ್ಲ. ಆದ್ದರಿಂದ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅದು ಹಗಲೆಲ್ಲ ತಿಂದು ಮೈಯಲ್ಲಿ ಕೊಬ್ಬು ಕೂಡಿಡುತ್ತದೆ. ಇಂಥ ಹಕ್ಕಿಗಳು ಹೊರಡುವ ಮುನ್ನ ತಮ್ಮ ತೂಕದ ಅರ್ಧದಷ್ಟನ್ನು ಹೆಚ್ಚಿಸಿಕೊಳ್ಳುವುದೂ ಉಂಟು. ಮುಂದಿನ ಸಾವಿರಾರು ಕಿಲೋಮೀಟರಿಗೆ ಅದೇ ಇಂಧನ. ಅದರ ಕಾಲಿನ ಉದ್ದವಾದರೋ ಎರಡು ಸೆಂಟಿಮೀಟರಿಗೆ ತುಸು ಹೆಚ್ಚು. ಎಂದರೆ ನಾಲ್ಕು ಬೆರಳು ಆಳದ ನೀರಿನಲ್ಲಿ ಎಷ್ಟೇ ಹುಳುವಿದ್ದರೂ ಅದರ ಪಾಲಿಗೆ ಇಲ್ಲದಂತೆಯೇ.

ಈಗ ಇನ್ನೊಂದು ಮಾರ್ಚ್. 2021ರ ಮುಂಗಾರು ಮತ್ತು ಹಿಂಗಾರಿನಲ್ಲಿ ಸುರಿದ ಮಳೆಯನ್ನು ಓದುಗರು ಮರೆತಿರಲಾರರು. ಬಯಲುಸೀಮೆಯ ಎಷ್ಟೋ ಕೆರೆಗಳು ದಶಕಗಳ ನಂತರ ಕೋಡಿ ಬಿದ್ದವು. ಜನ ಗಂಗೆಪೂಜೆ ಮಾಡಿದರು, ಬಾಗಿನ ಅರ್ಪಿಸಿದರು, ನಾನೂ ಸಂತೋಷಪಟ್ಟೆ. 2022ರ ಮಾರ್ಚ್‌ನಲ್ಲಿ ಈ ಭಾಗದ ಕೆರೆಗಳ ಸುತ್ತು ಹೊಡೆದಾಗ ನೀರು ದಂಡೆಯ ಪೊದೆಗಳವರೆಗೂ ನಿಂತಿತ್ತು. ನೀರಿನ ನಡುವೆ ನಾಮದ ಕೋಳಿಗಳು, ನೀರುಕಾಗೆಗಳು, ವರಟೆ ಬಾತುಗಳು, ದೂರದಲ್ಲಿ ಹೆಜ್ಜಾರ್ಲೆಗಳು. ಸಮೃದ್ಧಿಯೇ ಸರಿ. ಆದರೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಗೊರವಗಳ ಕಾಲಂ ಹೆಚ್ಚುಕಡಿಮೆ ಖಾಲಿ ಉಳಿಯಿತು. ಕಾಲೂರಲು ಕೆಸರೇ ಇರಲಿಲ್ಲ.

ಒಂದು ವರ್ಷ ಮಳೆ ಹೆಚ್ಚಾಗಿ ಹೀಗಾದರೆ ಚಿಂತೆಯಿಲ್ಲ. ಹಕ್ಕಿಗಳು ಇನ್ನೊಂದು ಕೆರೆ ನೋಡಿಕೊಳ್ಳುತ್ತವೆ; ಸಾವಿರಾರು ವರ್ಷಗಳಿಂದ ಅತಿವೃಷ್ಟಿ ಅನಾವೃಷ್ಟಿಗಳಿಗೆ ಹೊಂದಿಕೊಂಡೇ ಬಂದಿವೆ. ಮಳೆ ಒಮ್ಮೆ ಮಾಡಿದ್ದನ್ನು ಪಂಪು ಪ್ರತಿವರ್ಷವೂ, ಎಲ್ಲ ಕೆರೆಗಳಲ್ಲೂ ಒಟ್ಟಿಗೇ ಮಾಡತೊಡಗಿದರೆ ಏನು ಗತಿ ಎಂಬುದೇ ನನ್ನ ಪ್ರಶ್ನೆ. ಇದು ಊಹೆಯ ಮಾತಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಸೀಮೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ 2018ರಲ್ಲಿ ಕಾರ್ಯಾರಂಭ ಮಾಡಿತು. ದಿನಕ್ಕೆ 44 ಕೋಟಿ ಲೀಟರ್ ಅದರ ಗುರಿ. ಹೊಸಕೋಟೆ ತಾಲ್ಲೂಕಿನ ಕೆರೆಗಳನ್ನೂ ಇಂಥದೇ ನೀರಿನಿಂದ ತುಂಬಿಸುವ ಯೋಜನೆಗಳು ರೂಪುಗೊಂಡಿವೆ.

ತಪ್ಪು ತಿಳಿಯಬಾರದು. ಸಾವಿರ ಅಡಿಗೂ ಮಿಕ್ಕಿ ಕೊರೆದರೂ ಬರೀ ದೂಳು ಕಂಡ ಕೊಳವೆಬಾವಿಗಳ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತ ರೈತರನ್ನು ನಾನು ನೌಕರಿಯ ದಿನಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಅವರ ಕೆರೆಗೆ ನೀರು ಬರುವುದನ್ನು ಹಕ್ಕಿಯ ನೆಪದಲ್ಲಿ ತಡೆಯಬೇಕೆಂದು ಹೇಳುವಷ್ಟು ನಗರದ ಅಹಂಕಾರ ನನಗಿಲ್ಲ. ಆ ನೀರಿನ ಗುಣಮಟ್ಟದ ಬಗ್ಗೆ ಎದ್ದಿರುವ ವಾದವಿವಾದಗಳನ್ನೂ ಇಲ್ಲಿ ಎತ್ತುವುದಿಲ್ಲ. ಅದು ಬೇರೆಯೇ ಲೇಖನ. ನಾನು ಕೇಳುತ್ತಿರುವುದು ತೀರ ಸಣ್ಣದು: ಕೆರೆಯೆಂದರೆ ಸದಾ ತುಂಬಿರಬೇಕಾದ ತೊಟ್ಟಿ ಎಂಬ ಕಲ್ಪನೆ ನಮಗೆ ಎಲ್ಲಿಂದ ಬಂತು?

ಖಂಡಿತವಾಗಿ ಅದನ್ನು ಕಟ್ಟಿಸಿದವರಿಂದ ಬಂದದ್ದಲ್ಲ. ಬಯಲುಸೀಮೆಯ ಕೆರೆ ತುಂಬುವುದಕ್ಕೂ ಬರಿದಾಗುವುದಕ್ಕೂ ಸಮಾನವಾಗಿ ಸಜ್ಜಾದ ವ್ಯವಸ್ಥೆ. ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ ಅದು ತುಂಬುತ್ತಿತ್ತು. ನೀರುಗಂಟಿ ತೂಬು ಎತ್ತಿ ಸರದಿಯಂತೆ ಅಚ್ಚುಕಟ್ಟಿಗೆ ನೀರು ಬಿಡುತ್ತಿದ್ದ. ಶಿವರಾತ್ರಿಯ ಹೊತ್ತಿಗೆ ಕೆರೆಯ ಮೇಲ್ತುದಿ ಒಣಗತೊಡಗುತ್ತಿತ್ತು. ಅಂಗಳದಲ್ಲಿ ದನಕುರಿ ಮೇಯುತ್ತಿದ್ದವು. ಯುಗಾದಿ ಕಳೆದ ಮೇಲೆ ರೈತರು ಗಾಡಿ ಕಟ್ಟಿಕೊಂಡು ಹೂಳು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಹೀಗೆ ನೀರು ದಿನಕ್ಕೊಂದಿಷ್ಟು ಹಿಂದೆ ಸರಿದಂತೆ ಹುಳುಹುಪ್ಪಟೆ ತುಂಬಿದ ಹೊಸ ಕೆಸರು ದಿನಕ್ಕೊಂದಿಷ್ಟು ತೆರೆದುಕೊಳ್ಳುತ್ತಿತ್ತು. ಉತ್ತರಕ್ಕೆ ಹೊರಟ ಹಕ್ಕಿಗಳಿಗೆ ಬೇಕಾದದ್ದೂ ಅದೇ, ಬೇಕಾದ ತಿಂಗಳೂ ಅದೇ. ನಮ್ಮ ಹಿರಿಯರು ಹಕ್ಕಿಗಳಿಗಾಗಿ ಇದನ್ನು ಮಾಡಿದರೆಂದು ನಾನು ಹೇಳುವುದಿಲ್ಲ. ಹಿರಿಯರ ಬಗ್ಗೆ ಅಂಥ ಭಾವುಕತೆ ನನಗೆ ಸ್ವಲ್ಪ ಕಡಿಮೆಯೇ. ಭತ್ತಕ್ಕೆ ನೀರು ಬಿಟ್ಟರು, ಅದರ ಫಲ ಹಕ್ಕಿಗೂ ಸಿಕ್ಕಿತು. ಅರ್ಥಶಾಸ್ತ್ರದ ತರಗತಿಯಲ್ಲಿ ನಮಗೆ ಕಲಿಸಿದ ಬಾಹ್ಯ ಲಾಭ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಆಮೇಲೆ ಸಿಗಲಿಲ್ಲ.

ಈಗ ಆ ವ್ಯವಸ್ಥೆಯಿಲ್ಲ. ಅಚ್ಚುಕಟ್ಟು ಬಡಾವಣೆಯಾಗಿದೆ ಇಲ್ಲವೇ ಕೊಳವೆಬಾವಿಯ ನೀರಿನಲ್ಲಿ ಹೂವು ತರಕಾರಿ ಬೆಳೆಯುತ್ತಿದೆ. ತೂಬು ತುಕ್ಕು ಹಿಡಿದಿದೆ. ಕೆರೆಯಂಗಳಗಳಲ್ಲಿ ಎಷ್ಟೋ ಕಡೆ ಇಟ್ಟಿಗೆಗೆಂದು, ರಸ್ತೆಗೆಂದು ಮಣ್ಣು ತೆಗೆದ ಗುಂಡಿಗಳು ಬಾವಿಯಂತೆ ಬಾಯಿ ತೆರೆದು ನಿಂತಿವೆ. ಉಳಿದ ಕಡೆ ಜಾಲಿ ಬೆಳೆದಿದೆ. ಹೊಸಕೋಟೆಯ ಸುತ್ತ ಒಂದು ಕಾಲದಲ್ಲಿ ಕಣ್ಣು ಹಾಯಿಸಿದತ್ತೆಲ್ಲ ನೀಲಗಿರಿಯೇ ಇತ್ತು. ಈಗ ಉಪನಗರ ವರ್ತುಲ ರಸ್ತೆ ಮತ್ತು ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಇಲ್ಲಿ ಸೇರಿಕೊಂಡು, ಎಕರೆಯ ಬೆಲೆ ಯಾರ ಎಣಿಕೆಗೂ ಸಿಗದಂತಾಗಿದೆ. ಇಂಥ ಕಡೆ ನೀರು ಸರಿದು ಬಯಲಾದ ಕೆರೆಯಂಗಳ ‘ಖಾಲಿ ಜಾಗ’ವಾಗಿ ಕಾಣಲು ಹೆಚ್ಚು ಹೊತ್ತು ಬೇಕಿಲ್ಲ. ಕೆರೆ ಸದಾ ತುಂಬಿರಲಿ ಎಂದು ಹಳ್ಳಿಯವರು ಬಯಸುವುದಕ್ಕೆ ಇದೂ ಒಂದು ಕಾರಣ: ನೀರಿದ್ದರೆ ಒತ್ತುವರಿಯಿಲ್ಲ. ಈ ವಾದದಲ್ಲಿ ತಿರುಳಿದೆ ಎಂಬುದನ್ನು ಒಪ್ಪುತ್ತೇನೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ನಮ್ಮ ಕಂದಾಯ ದಾಖಲೆಯ ಭಾಷೆಯಲ್ಲಿ ಸಾಗುವಳಿಗೆ ಬಾರದ ಜಮೀನು ‘ಖರಾಬು’. ಅದರಲ್ಲೂ ಎರಡು ಬಗೆ. ಕೆರೆ, ದಾರಿ ಮುಂತಾದ ಸಾರ್ವಜನಿಕ ಬಳಕೆಯವು ‘ಬಿ’ ಖರಾಬು. ಕಂದಾಯ ಹುಟ್ಟದ್ದೆಲ್ಲ ಕೆಟ್ಟದ್ದು ಎಂಬ ಈ ಶಬ್ದವನ್ನು ಮೂವತ್ತು ವರ್ಷ ಬಳಸಿದ ಕೈ ನನ್ನದು. ಗೋಮಾಳಕ್ಕಾದರೂ ಒಂದು ಲೆಕ್ಕವಿದೆ: ನೂರು ಜಾನುವಾರಿಗೆ ಹನ್ನೆರಡು ಹೆಕ್ಟೇರ್ ಎಂದು ಭೂಕಂದಾಯ ನಿಯಮ ಹೇಳುತ್ತದೆ. ಹಕ್ಕಿಗೆ ಆ ಲೆಕ್ಕವೂ ಇಲ್ಲ. ಒಂದು ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದ್ದಾಗ ಕೆರೆ ಅಭಿವೃದ್ಧಿಯ ಕಡತವೊಂದು ನನ್ನ ಮೇಜಿಗೆ ಬಂತು. ಹೂಳು ತೆಗೆದು ಸಂಗ್ರಹಣೆ ಹೆಚ್ಚಿಸುವುದು, ದಂಡೆಯನ್ನು ಕಡಿದು ನೆಟ್ಟಗೆ ಮಾಡಿ ಕಲ್ಲು ಹೊದಿಸುವುದು, ಸುತ್ತಲೂ ನಡೆದಾಡುವ ಹಾದಿ, ದೀಪ, ಬೆಂಚು. ಎಷ್ಟು ದಶಲಕ್ಷ ಘನ ಅಡಿ ನೀರು ಹೆಚ್ಚು ನಿಲ್ಲುತ್ತದೆ, ಪ್ರತಿ ಘನ ಅಡಿಗೆ ಎಷ್ಟು ಖರ್ಚು ಎಂದು ಕೇಳಿದೆ. ಉತ್ತರ ತೃಪ್ತಿಕರವಾಗಿತ್ತು, ಸಹಿ ಹಾಕಿದೆ. ಕೆರೆಯ ಮೇಲ್ತುದಿಯ ಇಳಿಜಾರು ಎಷ್ಟಿರಬೇಕು ಎಂದು ಕೇಳಲು ನನಗೆ ತೋಚಲಿಲ್ಲ. ವರ್ಷಗಳ ನಂತರ ದುರ್ಬೀನು ಹಿಡಿದು ಅಲ್ಲಿಗೆ ಹೋದೆ. ಒಳ್ಳೆಯ ಕೆರೆ. ಜನ ಬೆಳಿಗ್ಗೆ ಸಂಜೆ ನಡೆಯುತ್ತಾರೆ. ನೀರು ಒಂದು ಮೀಟರ್ ಇಳಿದರೂ ದಂಡೆಯಲ್ಲಿ ಕೆಸರು ಕಾಣುವುದು ಒಂದು ಮಾರಿನಷ್ಟು ಮಾತ್ರ, ಅದೂ ಕಲ್ಲಿನ ಮೇಲೆ. ಏಪ್ರಿಲ್ ಮೊದಲ ವಾರದಲ್ಲಿ ಅಲ್ಲಿ ನಾನು ಕಂಡ ಒಟ್ಟು ವಲಸೆ ಹಕ್ಕಿ ಒಂದು ಗದ್ದೆಗೊರವ. ಅದು ಕಲ್ಲಿನಿಂದ ಕಲ್ಲಿಗೆ ಹಾರಿ ಏನನ್ನೋ ಹುಡುಕುತ್ತಿತ್ತು.

ಹಕ್ಕಿಗಳು ಕಡಿಮೆಯಾಗಿವೆ ಎಂದರೆ ನನ್ನ ಅನೇಕ ಮಿತ್ರರು ಒಪ್ಪುವುದಿಲ್ಲ. ಮೊದಲಿಗಿಂತ ಹೆಚ್ಚೇ ಇವೆಯಲ್ಲ, ನಮ್ಮ ಕೆರೆಯಲ್ಲಿ ಹೆಜ್ಜಾರ್ಲೆಗಳು ಬಂದಿವೆ, ನೇರಳೆ ಜಂಬುಕೋಳಿಗಳು ತುಂಬಿವೆ ಎನ್ನುತ್ತಾರೆ. ನಿಜ. ಮೀನು ಹಿಡಿಯುವ, ಈಜುವ, ಜೊಂಡಿನಲ್ಲಿ ಬದುಕುವ ಹಕ್ಕಿಗಳಿಗೆ ವರ್ಷಪೂರ್ತಿ ನಿಂತ ನೀರು ಹಬ್ಬ. ಆದರೆ ಒಟ್ಟು ಮೊತ್ತ ನೋಡಿ ಸಮಾಧಾನಪಡುವುದು ಅರ್ಥಶಾಸ್ತ್ರದಲ್ಲೂ ಅಪಾಯಕಾರಿಯೇ. ತಲಾ ಆದಾಯ ಏರಿದ ವರ್ಷವೇ ಕೂಲಿಯವನ ಮನೆಯಲ್ಲಿ ಒಲೆ ಉರಿಯದಿರಬಹುದು. ಏರಿಕೆ ಯಾರದು, ಇಳಿಕೆ ಯಾರದು ಎಂದು ಬಿಡಿಸಿ ನೋಡಬೇಕು. ಹಾಗೆ ಬಿಡಿಸಿ ನೋಡಿದ ಪ್ರಯತ್ನವೊಂದು ನಮ್ಮಲ್ಲೇ ನಡೆದಿದೆ. 2023ರಲ್ಲಿ ಪ್ರಕಟವಾದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ, 30 ಸಾವಿರಕ್ಕೂ ಹೆಚ್ಚು ಹವ್ಯಾಸಿಗಳು ದಾಖಲಿಸಿದ ಮೂರು ಕೋಟಿ ವೀಕ್ಷಣೆಗಳ ಆಧಾರದ ಮೇಲೆ 942 ಪ್ರಭೇದಗಳ ಸ್ಥಿತಿಯನ್ನು ಅಳೆಯಿತು. ತುರ್ತಾಗಿ ಗಮನ ಕೊಡಬೇಕಾದ 178 ಪ್ರಭೇದಗಳನ್ನು ಅದು ಗುರುತಿಸಿದೆ. ನವಿಲು, ಕೋಗಿಲೆಗಳು ಏರುಮುಖದಲ್ಲಿವೆ. ಹುಲ್ಲುಗಾವಲಿನ ಹಕ್ಕಿಗಳು, ಬೇಟೆ ಹಕ್ಕಿಗಳು, ಬಾತುಗಳು ಮತ್ತು ದೂರದಿಂದ ಬರುವ ನೀರಂಚಿನ ಹಕ್ಕಿಗಳು ಇಳಿಮುಖದಲ್ಲಿವೆ. ಈ ಇಳಿಕೆಗೆಲ್ಲ ನಮ್ಮ ಕೆರೆಗಳೇ ಕಾರಣವಲ್ಲ. ಧ್ರುವ ಪ್ರದೇಶ ಬಿಸಿಯಾಗುತ್ತಿದೆ, ದಾರಿಯುದ್ದಕ್ಕೂ ಜೌಗುಗಳು ಬತ್ತುತ್ತಿವೆ. ಆದರೆ ನಮ್ಮ ಕೈಯಲ್ಲಿರುವುದು ನಮ್ಮ ಕೆರೆ ಮಾತ್ರ.

ಆಡಳಿತದ ಕಣ್ಣಿಗೆ ಇದು ಬೀಳದಿರಲು ಇನ್ನೊಂದು ಕಾರಣವುಂಟು. ನೀರುಹಕ್ಕಿಗಳ ವಾರ್ಷಿಕ ಗಣತಿ 1987ರಿಂದ ನಡೆದುಬಂದಿದೆ. ಬೆಂಗಳೂರಿನ ಹಕ್ಕಿ ವೀಕ್ಷಕರು ಮೊದಲಿನಿಂದಲೂ ಅದರಲ್ಲಿ ಉತ್ಸಾಹದಿಂದ ದುಡಿದಿದ್ದಾರೆ. ಆದರೆ ಅದು ಜನವರಿಯ ಗಣತಿ. ಏಷ್ಯಾದಾದ್ಯಂತ ಒಂದೇ ಕಾಲಕ್ಕೆ ಎಣಿಸಬೇಕಾದ್ದರಿಂದ ಅದು ಸರಿಯೇ. ಕೆರೆಗಳು ತುಂಬಿರುವ ಜನವರಿಯಲ್ಲಿ ಎಣಿಸಿ, ಮಾರ್ಚ್ ಏಪ್ರಿಲ್‌ನಲ್ಲಿ ಯಾರು ಯಾವ ಕೆರೆಯಲ್ಲಿ ಇಳಿದು ಮೇಯುತ್ತಾರೆಂದು ನೋಡದೆ ಬಿಟ್ಟರೆ, ದಾಖಲೆಯ ಪ್ರಕಾರ ಬತ್ತುತ್ತಿರುವ ಕೆರೆಗೆ ಬೆಲೆಯೇ ಇಲ್ಲ. ವಲಸೆಯ ದಿನಾಂಕಗಳನ್ನು ಸಾಮಾನ್ಯ ಜನರಿಂದ ಸಂಗ್ರಹಿಸುವ ‘ಮೈಗ್ರಂಟ್‌ವಾಚ್’ ಎಂಬ ಒಳ್ಳೆಯ ಕೆಲಸ 2007ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಹಕ್ಕಿ ಯಾವಾಗ ಬಂತು ಎಂದು ಬರೆಯುವ ಉತ್ಸಾಹ, ಯಾವಾಗ ಹೋಯಿತು ಎಂದು ಬರೆಯುವಾಗ ನಮ್ಮಲ್ಲಿ ಇರುವುದಿಲ್ಲ. ನನ್ನ ಪುಸ್ತಕವೂ ಇದಕ್ಕೆ ಹೊರತಲ್ಲ. ಬಂದವರನ್ನು ಬಾಗಿಲಲ್ಲಿ ಎದುರುಗೊಳ್ಳುತ್ತೇವೆ. ಹೊರಟವರು ಒಂದು ಬೆಳಿಗ್ಗೆ ಇರುವುದಿಲ್ಲ, ಅಷ್ಟೆ.

ಹೆಸರಾದ ಕೆರೆಗಳ ವಿಷಯ ಬೇರೆ. ಪಟ್ಟೆತಲೆ ಹೆಬ್ಬಾತುಗಳು ಬರುವ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ಅಂಕಸಮುದ್ರ, ಅಘನಾಶಿನಿಗಳೂ ಜೊತೆಗೇ ಸೇರಿದವು. ಅದೇ ವರ್ಷ ಹೆಸರಘಟ್ಟದ ಹುಲ್ಲುಗಾವಲಿನ ಐದೂವರೆ ಸಾವಿರ ಎಕರೆಗೂ ಮೀರಿದ ಪ್ರದೇಶವನ್ನು ಸಂರಕ್ಷಿತವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಹಕ್ಕಿ ಪ್ರಿಯರ ದಶಕದ ಹೋರಾಟಕ್ಕೆ ಸಂದ ಫಲವದು. ಜಡಿಗೇನಹಳ್ಳಿಯಂಥ ಕೆರೆಗೆ ಅಂಥ ಪಟ್ಟ ಬೇಕಿಲ್ಲ, ಸಿಗುವುದೂ ಇಲ್ಲ. ಆದರೆ ದಕ್ಷಿಣದಿಂದ ಉತ್ತರಕ್ಕೆ ಹೊರಟ ಹಕ್ಕಿ ರಾಮ್‌ಸರ್ ಕೆರೆಯಿಂದ ರಾಮ್‌ಸರ್ ಕೆರೆಗೆ ನೆಗೆಯುವುದಿಲ್ಲ. ನಡುವೆ ಹೆಸರಿಲ್ಲದ ನೂರು ಕೆರೆಗಳಲ್ಲಿ ಒಂದೊಂದು ದಿನ, ಎರಡೆರಡು ದಿನ ಇಳಿದು ಹೊಟ್ಟೆ ತುಂಬಿಸಿಕೊಂಡೇ ಮುಂದುವರಿಯಬೇಕು.

ಹಾಗಾದರೆ ಮಾಡಬೇಕಾದ್ದೇನು? ನೀರು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಸರದಿ ಹಾಕಿ ಎನ್ನುತ್ತಿದ್ದೇನೆ. ನಮ್ಮ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಸಾಲಿನಲ್ಲಿವೆ. ಪ್ರತಿ ಸಾಲಿನಲ್ಲೂ ಒಂದೆರಡು ಕೆರೆಗಳಿಗೆ ಫೆಬ್ರುವರಿ ನಡುವಿನಿಂದ ಏಪ್ರಿಲ್ ಕೊನೆಯವರೆಗೆ ಹೊಸ ನೀರು ಬಿಡದೆ, ಇರುವ ನೀರು ತಾನಾಗಿ ಇಳಿಯಲು ಬಿಟ್ಟರೆ ಸಾಕು. ಆ ಪಾಲಿನ ನೀರು ಪಕ್ಕದ ಕೆರೆಗೆ ಹೋಗಲಿ. ಮುಂದಿನ ವರ್ಷ ಅದಲುಬದಲಾಗಲಿ. ನೀರುಗಂಟಿ ಗದ್ದೆಗಳಿಗೆ ಹಾಕುತ್ತಿದ್ದ ಸರದಿಯೇ ಇದು, ಕೆರೆಗಳಿಗೆ ಅನ್ವಯಿಸಿದ್ದು. ರೈತರಿಗೆ ಇದರಿಂದ ನಷ್ಟವೇ ಎಂದರೆ, ಬಿರುಬೇಸಿಗೆಯಲ್ಲಿ ಬಯಲಾಗಿ ಹರಡಿದ ನೀರಿನಿಂದ ದಿನಕ್ಕೆ ಐದಾರು ಮಿಲಿಮೀಟರ್ ಆವಿಯಾಗಿ ಹೋಗುತ್ತದೆ. ಎಲ್ಲ ಕೆರೆಗಳನ್ನೂ ಅಂಚಿನವರೆಗೆ ತುಂಬಿಸಿ ಸೂರ್ಯನಿಗೆ ಕುಡಿಸುವುದಕ್ಕಿಂತ, ಕೆಲವು ಕೆರೆಗಳಲ್ಲಿ ಆಳವಾಗಿ ನಿಲ್ಲಿಸುವುದು ಲೆಕ್ಕದಲ್ಲೂ ಮೇಲು. ಜೊತೆಗೆ ಇಳಿದ ಅಂಗಳದಲ್ಲಿ ಹೂಳೆತ್ತಲೂ ಅವಕಾಶ. ಒತ್ತುವರಿಯ ಭಯಕ್ಕೆ ಪರಿಹಾರ ನೀರಲ್ಲ, ಸರ್ವೆ ಮಾಡಿ ನೆಟ್ಟ ಗಡಿಕಲ್ಲು.

ಎರಡನೆಯದು, ಕೆರೆಯ ಮೂರು ಬದಿಯನ್ನು ಏನಾದರೂ ಮಾಡಿಕೊಳ್ಳಲಿ. ನೀರು ಒಳಬರುವ ಮೇಲ್ತುದಿಯನ್ನು ಮುಟ್ಟದಿರಲಿ. ಅಲ್ಲಿ ಕಲ್ಲು, ಹಾದಿ, ದೀಪ ಬೇಡ. ಹೂಳು ತೆಗೆಯುವಾಗಲೂ ಆ ಭಾಗವನ್ನು ತಟ್ಟೆಯಂತೆ ಇಳಿಜಾರಾಗಿ ಉಳಿಸಬೇಕೇ ಹೊರತು ಬಕೆಟ್ಟಿನಂತೆ ಕಡಿಯಬಾರದು. ಇದಕ್ಕೆ ಹೆಚ್ಚುವರಿ ಹಣ ಬೇಡ, ಉಳಿತಾಯವೇ ಆಗುತ್ತದೆ. ಬಹುಶಃ ಅದೇ ತೊಡಕು. ಹಣ ಬೇಡದ ಕೆಲಸವನ್ನು ಮುಂದಕ್ಕೆ ತಳ್ಳುವವರು ಇಲಾಖೆಯಲ್ಲಿ ಕಡಿಮೆ.

ಮೊನ್ನೆ ಜಡಿಗೇನಹಳ್ಳಿಯ ಕೆರೆಯ ಬಳಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನನ್ನು ಬಹಳ ಹೊತ್ತು ನೋಡಿ ಹತ್ತಿರ ಬಂದರು. ‘ಏನ್ ಸ್ವಾಮಿ, ಸರ್ವೆಯವರಾ?’ ಎಂದರು. ಈ ಸೀಮೆಯಲ್ಲಿ ಕೈಯಲ್ಲಿ ಪುಸ್ತಕ ಹಿಡಿದ ಅಪರಿಚಿತನನ್ನು ಕಂಡರೆ ಮೊದಲು ಬರುವ ಅನುಮಾನವೇ ಅದು. ಅಲ್ಲವೆಂದೆ, ಹಕ್ಕಿ ನೋಡಲು ಬಂದವನೆಂದೆ, ದುರ್ಬೀನು ಕೊಟ್ಟೆ. ಅವರು ಮಡುವಿನಂಚಿನ ಸ್ಟಿಂಟ್‌ಗಳನ್ನು ನೋಡಿ, ‘ಇವಾ? ಇವು ಕೆಸರು ಬಿಟ್ಟಾಗ ಬರೋವು. ನಮ್ಮಪ್ಪನ ಕಾಲದಾಗೆ ಇನ್ನೂ ಶಾನೆ ಇದ್ವು’ ಎಂದರು. ಎಲ್ಲಿಂದ ಬರುತ್ತವೆ ಗೊತ್ತೇ ಎಂದು ಕೇಳಿದೆ. ‘ಮಾಲೂರು ಕಡೆಯಿಂದ ಇರ್ಬೇಕು’ ಎಂದರು. ರಷ್ಯಾದ ಆಚೆಯಿಂದ ಎಂದು ಹೇಳಿದಾಗ ದುರ್ಬೀನನ್ನು ಕಣ್ಣಿನಿಂದ ಇಳಿಸಿ, ತಮಾಷೆ ಮಾಡುತ್ತಿದ್ದೇನೆಯೇ ಎಂಬಂತೆ ನನ್ನ ಮುಖ ನೋಡಿದರು. ಆಮೇಲೆ ಮತ್ತೆ ಕಣ್ಣಿಗೇರಿಸಿಕೊಂಡು ಅವುಗಳನ್ನೇ ನೋಡುತ್ತ ನಿಂತರು. ಕುರಿಗಳು ಅಷ್ಟು ದೂರ ಹೋದರೂ ಕರೆಯಲಿಲ್ಲ.

ನಮ್ಮಲ್ಲಿ ನಲವತ್ತು ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಜಿಲ್ಲಾ ಪಂಚಾಯಿತಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಹೊಸ ಆರ್ಥಿಕ ವರ್ಷದ ಅಂದಾಜುಪಟ್ಟಿಗಳು ಇವೆರಡೂ ಕಡೆ ಸಿದ್ಧವಾಗುವುದು ಈ ಹಕ್ಕಿಗಳು ಹೊರಡುವ ದಿನಗಳಲ್ಲೇ. ಕೆರೆ ಕಾಮಗಾರಿಯ ನಕ್ಷೆಗೆ ಸಹಿ ಹಾಕುವ ಮುನ್ನ ಸಂಬಂಧಪಟ್ಟ ಎಂಜಿನಿಯರುಗಳು ಒಂದು ಬೆಳಿಗ್ಗೆ, ಬಿಸಿಲೇರುವ ಮೊದಲು, ಆ ಕೆರೆಯ ಮೇಲ್ತುದಿಗೆ ಹೋಗಿ ಅರ್ಧ ಗಂಟೆ ನಿಲ್ಲಲಿ. ದುರ್ಬೀನು ಇಲ್ಲದಿದ್ದರೆ ನನ್ನದನ್ನು ಕೊಡುತ್ತೇನೆ.